ಹಗೇವು, ಅಟ್ಟ, ಡಬ್ಬ: ಆಪತ್ಕಾಲದ ಗೃಹಸಂಗ್ರಹ

ಬಯಲುಸೀಮೆಯ ಹಳ್ಳಿಗಳಲ್ಲಿ ನೆಲವನ್ನು ಅಗೆದು ಧಾನ್ಯ ತುಂಬಿಡುತ್ತಿದ್ದ ಹಗೇವು ಇಂದು ಬಹುಮಟ್ಟಿಗೆ ಹೆಸರಿನಲ್ಲಷ್ಟೇ ಉಳಿದಿದೆ. ಮಲೆನಾಡಿನ ಪಣತ, ತುಳುನಾಡಿನ ಪತ್ತಾಯ, ಹಳೆಯ ಮೈಸೂರಿನ ವಾಡೆ ಗುಡಾಣಗಳೂ ಅದೇ ಹಾದಿಯನ್ನು ಹಿಡಿದಿವೆ. ಇವುಗಳ ವಿಷಯವಾಗಿ ಬರೆಯತಕ್ಕವರು ಸಾಮಾನ್ಯವಾಗಿ ಹಿಂದಿನ ಸಮೃದ್ಧಿಯನ್ನು ನೆನೆದು, ಇಂದಿನ ದಾರಿದ್ರ್ಯಕ್ಕೆ ಒಂದು ನಿಟ್ಟುಸಿರು ಬಿಟ್ಟು ಮುಗಿಸುವುದುಂಟು. ಪ್ರಕೃತ ಲೇಖನದ ಉದ್ದೇಶ ಅದಲ್ಲ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದು ಹಗಲು ಒಂದು ರಾತ್ರಿಯೊಳಗೆ 944 ಮಿಲಿಮೀಟರು ಮಳೆ ಸುರಿದಾಗಲೂ, 2015ರ ಡಿಸೆಂಬರಿನಲ್ಲಿ ಅಡ್ಯಾರು ನದಿ ಚೆನ್ನೈಯ ಬೀದಿಗಳಿಗೆ ನುಗ್ಗಿದಾಗಲೂ, 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿಕೊಂಡಾಗಲೂ ನಗರಗಳಲ್ಲಿ ನೆಲಸಿದ ಅನೇಕ ಕುಟುಂಬಗಳು ತಮ್ಮ ಅಡುಗೆಮನೆಯಲ್ಲಿ ನಾಲ್ಕು ದಿನದ ಆಹಾರವೂ ಇಲ್ಲದಿರುವುದನ್ನು ಕಂಡುಕೊಂಡವು. ಇವರಲ್ಲಿ ಕನ್ನಡ ಕುಟುಂಬಗಳೂ ಇದ್ದವು. ಇವರ ಅಜ್ಜಂದಿರ ಮನೆಗಳಲ್ಲಿ ಒಂದು ವರ್ಷದ ದಿನಸಿ ಇದ್ದದ್ದು ಸುಳ್ಳಲ್ಲ. ಹಾಗಾದರೆ ಆ ಹಳೆಯ ಏರ್ಪಾಡಿನ ಒಳಗುಟ್ಟು ಯಾವುದು, ಅದರಲ್ಲಿ ಹತ್ತನೆಯ ಅಂತಸ್ತಿನ ಎರಡು ಕೋಣೆಯ ಮನೆಗೆ ತರಬಹುದಾದದ್ದು ಎಷ್ಟು, ತರಲಾಗದ್ದು ಎಷ್ಟು ಎಂಬುದು ಇಲ್ಲಿಯ ವಿಚಾರ.

ಮೊದಲು ಹಗೇವನ್ನು ತೆಗೆದುಕೊಳ್ಳೋಣ. ಊರಿನ ಎತ್ತರದ ಭಾಗದಲ್ಲಿ, ಮಳೆಯ ನೀರು ನಿಲ್ಲದ, ಅಂತರ್ಜಲ ಆಳದಲ್ಲಿರುವ ಗಟ್ಟಿ ಗರಸುನೆಲವನ್ನು ಆರಿಸಿಕೊಳ್ಳುತ್ತಿದ್ದರು. ಬಾಯಿ ಕಿರಿದು, ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ. ಕೆಳಗೆ ಹೋದಂತೆ ಹೊಟ್ಟೆ ಅಗಲವಾಗುತ್ತ ದೊಡ್ಡ ಹೂಜಿಯ ಆಕಾರ ಬರುತ್ತಿತ್ತು. ಒಳಗೋಡೆಗೆ ಮಣ್ಣು ಸಗಣಿಗಳನ್ನು ಮೆತ್ತಿ, ಹುಲ್ಲಿನ ಬೆಂಕಿ ಹಾಕಿ ತೇವವೆಲ್ಲ ಹೋಗುವಂತೆ ಒಣಗಿಸುತ್ತಿದ್ದರು. ಆಮೇಲೆ ತಳಕ್ಕೂ ಪಕ್ಕಕ್ಕೂ ಒಣಹುಲ್ಲನ್ನು ದಪ್ಪವಾಗಿ ಒತ್ತಿ, ಚೆನ್ನಾಗಿ ಒಣಗಿದ ಕಾಳನ್ನು ಸುರಿದು, ಮೇಲೆ ಮತ್ತೆ ಹುಲ್ಲು ಹಾಸಿ, ಬಾಯಿಗೆ ಚಪ್ಪಡಿ ಮುಚ್ಚಿ, ಅದರ ಮೇಲೆ ಮಣ್ಣು ತುಂಬಿ ಹದವಾಗಿ ತುಳಿಯುತ್ತಿದ್ದರು. ಬೇಕಾದರೆ ಅದರ ಮೇಲೆಯೇ ಗಾಡಿ ಹೋಗಬಹುದು. ಕಳ್ಳನಿಗೂ ಇಲಿಗೂ ಬೆಂಕಿಗೂ ಒಟ್ಟಿಗೆ ತಡೆಯಾಯಿತು. ದಂಡು ಬಂದು ಊರನ್ನು ಸುಟ್ಟರೂ ನೆಲದೊಳಗಿನ ಕಾಳು ಉಳಿಯುತ್ತಿದ್ದುದರಿಂದ, ಮನೆಬಿಟ್ಟು ಓಡಿಹೋದವರು ಹಿಂದಿರುಗಿ ಬಾಳು ಕಟ್ಟಿಕೊಳ್ಳುವುದಕ್ಕೆ ಇದೇ ಆಧಾರವಾಗುತ್ತಿತ್ತು.

ಆದರೆ ಹಗೇವಿನ ನಿಜವಾದ ಶಕ್ತಿ ಅದರ ಗುಟ್ಟುತನದಲ್ಲಿರಲಿಲ್ಲ, ಗಾಳಿಯಿಲ್ಲದಿರುವುದರಲ್ಲಿತ್ತು. ಧಾನ್ಯವೂ ಜೀವವಸ್ತು, ಮುಚ್ಚಿಟ್ಟ ಮೇಲೆಯೂ ಅದು ಮೆಲ್ಲಗೆ ಉಸಿರಾಡುತ್ತಿರುತ್ತದೆ. ಅದರೊಂದಿಗೆ ಸೇರಿಬಂದ ಹುಳುಗಳೂ ಉಸಿರಾಡುತ್ತವೆ. ಬಾಯಿ ಭದ್ರವಾಗಿದ್ದರೆ ಒಳಗಿನ ಆಮ್ಲಜನಕ ಕೆಲವು ವಾರಗಳಲ್ಲಿ ಕರಗಿ, ಅದರ ಜಾಗದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಆಮ್ಲಜನಕ ನೂರಕ್ಕೆ ಎರಡು ಮೂರು ಭಾಗಕ್ಕೆ ಇಳಿಯಿತೆಂದರೆ ಹುಳು ಬದುಕಲಾರದು. ಅಂದರೆ ಹುಳು ತಾನೇ ತನ್ನ ಉಸಿರನ್ನು ಕಟ್ಟಿಕೊಂಡು ಸಾಯುತ್ತದೆ, ಔಷಧದ ಅಗತ್ಯವಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 1980ರ ದಶಕದ ಕೊನೆಯಲ್ಲಿ ಆಫ್ರಿಕದ ಕ್ಯಾಮರೂನ್ ದೇಶದ ಅಲಸಂದೆ ಬೆಳೆಗಾರರಿಗಾಗಿ ಮೂರು ಪದರದ ಚೀಲವೊಂದನ್ನು ರೂಪಿಸಿದರು: ಒಳಗೆ ಎರಡು ಪ್ಲಾಸ್ಟಿಕ್ ಪದರ, ಹೊರಗೆ ನೇಯ್ದ ಚೀಲ. ಇದರ ತತ್ತ್ವವೂ ಹಗೇವಿನ ತತ್ತ್ವವೇ.

ಈ ಗುಣದ ಇನ್ನೊಂದು ಮುಖವನ್ನು ಮರೆಯಬಾರದು. ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಹಗೇವನ್ನು ತೆರೆದ ಕೂಡಲೇ ಇಳಿದು ಪ್ರಾಣ ಕಳೆದುಕೊಂಡವರುಂಟು. ತಿಳಿದವರು ಚಪ್ಪಡಿಯನ್ನು ಸರಿಸಿ ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ನಂದಿದರೆ ಇಳಿಯುತ್ತಿರಲಿಲ್ಲ. ಗೋಡೆಯ ಬದಿಯ ಕಾಳು ಮುಗ್ಗಿ ಹಾಳಾಗುವುದೂ ಇತ್ತು. ಬಿತ್ತನೆಯ ಬೀಜವನ್ನು ಹಗೇವಿಗೆ ಹಾಕದೆ, ಬೂದಿ ಬೆರೆಸಿ ಮಡಕೆಯಲ್ಲಿಯೋ ಒಣಗಿದ ಸೋರೆಬುರುಡೆಯಲ್ಲಿಯೋ ಬೇರೆಯಾಗಿಯೇ ಇಡುತ್ತಿದ್ದರು. ಬರ ಬಂದಾಗಲೂ ಬೀಜದ ಬುರುಡೆಗೆ ಕೈಯಿಡಬಾರದೆಂಬ ಕಟ್ಟಳೆಗೆ ಈ ಬೇರ್ಪಡಿಕೆಯೂ ಸಹಾಯಕವಾಗಿದ್ದಿರಬೇಕು.

ಯಾವ ಧಾನ್ಯವಾದರೂ ಹೀಗೆ ಬಾಳುತ್ತದೆಂದು ತಿಳಿಯಬಾರದು. ರಾಗಿಯ ಕಾಳು ಎಷ್ಟು ಸಣ್ಣದೆಂದರೆ, ಅಕ್ಕಿ ಜೋಳಗಳ ಒಳಹೊಕ್ಕು ಮರಿಮಾಡುವ ಮೂತಿಹುಳುವಿಗೆ ಅದರೊಳಗೆ ಬೆಳೆಯಲು ಎಡೆಯೇ ಇಲ್ಲ. ಸಿಪ್ಪೆಯೂ ಗಟ್ಟಿ. ಆದುದರಿಂದ ಚೆನ್ನಾಗಿ ಒಣಗಿದ ರಾಗಿ ಹಗೇವಿನಲ್ಲಿ ಹಲವು ವರ್ಷ ಕೆಡದೆ ಉಳಿಯುತ್ತಿತ್ತು. ಜೋಳಕ್ಕೆ ಈ ಭಾಗ್ಯವಿಲ್ಲ. ಬಿಜಾಪುರ, ರಾಯಚೂರುಗಳ ಕಡೆ ಜೋಳವನ್ನೂ ಹಗೆಯಲ್ಲಿ ಹಾಕುತ್ತಿದ್ದರಾದರೂ ಅದರ ಆಯುಷ್ಯ ರಾಗಿಗಿಂತ ಕಡಿಮೆ. ಮಳೆಯನ್ನು ನಂಬಲಾಗದ ಸೀಮೆಯಲ್ಲಿ ರಾಗಿಯನ್ನೇ ಮುಖ್ಯಾಹಾರವಾಗಿ ಮಾಡಿಕೊಂಡದ್ದಕ್ಕೆ ರುಚಿಯೂ ನೆಲದ ಗುಣವೂ ಎಷ್ಟು ಕಾರಣವೋ ಈ ಬಾಳಿಕೆಯೂ ಅಷ್ಟೇ ಕಾರಣವೆಂದು ತೋರುತ್ತದೆ. ಒಂದು ವರ್ಷದ ಬೆಳೆ ಮುಂದಿನ ವರ್ಷದ ಬರಕ್ಕೆ ಉತ್ತರವಾಗಬಲ್ಲ ಧಾನ್ಯ ಅದು.

ಘಟ್ಟವನ್ನು ಇಳಿದು ಕರಾವಳಿಗೆ ಬಂದರೆ ಚಿತ್ರವೆಲ್ಲ ತಲೆಕೆಳಗಾಗುತ್ತದೆ. ಇಲ್ಲಿ ನೆಲವನ್ನು ಅಗೆದರೆ ನೀರು, ಗಾಳಿಯಲ್ಲಿಯೂ ನೀರು. ಧಾನ್ಯವನ್ನು ಕೆಳಗಿಳಿಸುವ ಬದಲು ಮೇಲಕ್ಕೇರಿಸಬೇಕಾಯಿತು. ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು, ಹಗ್ಗದಿಂದ ಸುತ್ತಿ, ಬಡಿದು ಚೆಂಡಿನಂತೆ ಗುಂಡಗೆ ಮಾಡಿದ ಮುಡಿ ತುಳುನಾಡಿನ ವಿಶೇಷ. ಸಾಮಾನ್ಯವಾಗಿ 42 ಸೇರು ಒಂದು ಮುಡಿ. ಗೇಣಿಯ ಲೆಕ್ಕವೂ ಮುಡಿಯಲ್ಲಿಯೇ ನಡೆಯುತ್ತಿದ್ದುದರಿಂದ ಅದು ಚೀಲವೂ ಆಯಿತು, ಅಳತೆಯೂ ಆಯಿತು. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟಿದ ಕುಚ್ಚಲಕ್ಕಿ ಬೆಳ್ತಿಗೆಗಿಂತ ಗಟ್ಟಿ. ಹುಳುವಿನ ಹಲ್ಲಿಗೆ ಸುಲಭವಾಗಿ ಬಗ್ಗುವುದಿಲ್ಲ. ಬೇಯಿಸುವಾಗ ತೌಡಿನ ಬಳಿಯ ಬಿ-ಜೀವಸತ್ತ್ವ ಕಾಳಿನೊಳಕ್ಕೆ ಇಳಿಯುವುದರಿಂದ ಕೇವಲ ಅನ್ನವನ್ನೇ ಉಣ್ಣಬೇಕಾದ ದಿನಗಳಲ್ಲಿ ಇದು ಶರೀರಕ್ಕೂ ಹಿತ. ಅಡುಗೆಮನೆಯ ಮೇಲಿನ ಅಟ್ಟಕ್ಕೆ ಒಲೆಯ ಹೊಗೆ ಸದಾ ತಾಗುತ್ತಿತ್ತು. ಆ ಹೊಗೆ ಬರಿಯ ಉಪದ್ರವವಲ್ಲ. ಮಳೆಗಾಲದಲ್ಲಿ ಅದೇ ಬಿಸಿಲು. ಕೊಬ್ಬರಿ, ಹುಣಸೆ, ಮೆಣಸು, ಬೀಜದ ಗಂಟುಗಳೆಲ್ಲ ಅದರ ಆಶ್ರಯದಲ್ಲಿ ಬೂಷ್ಟು ಹಿಡಿಯದೆ ಉಳಿಯುತ್ತಿದ್ದವು.

ಅಲ್ಲಿಯ ಆಪತ್ತು ಬರವಲ್ಲ, ಆಟಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಈ ತಿಂಗಳಲ್ಲಿ ಹಳೆಯ ಅಕ್ಕಿ ತಳ ಕಾಣುತ್ತದೆ, ಹೊಸ ಪೈರು ಕೈಗೆ ಬಂದಿಲ್ಲ, ಹೊಳೆ ದಾಟಿ ಪೇಟೆಗೆ ಹೋಗುವಂತಿಲ್ಲ, ಕಡಲಿಗೆ ದೋಣಿ ಇಳಿಯುವಂತಿಲ್ಲ. ವರ್ಷ ವರ್ಷವೂ ತಪ್ಪದೆ ಬರುವ ಈ ಆಪತ್ತಿಗೆ ಬೇಸಗೆಯಲ್ಲಿಯೇ ಸಿದ್ಧತೆ ನಡೆಯುತ್ತಿತ್ತು. ಹಲಸಿನ ಕಾಯಿಯ ಸೊಳೆಯನ್ನು ಉಪ್ಪಿನೊಂದಿಗೆ ಭರಣಿಗೆ ತುಂಬುವುದು, ಮಾವಿನ ಮಿಡಿ ಕಾಯಿಗಳನ್ನು ಉಪ್ಪುನೀರಿನಲ್ಲಿ ಹಾಕುವುದು, ಹಲಸಿನ ಬೀಜವನ್ನು ಉಪ್ಪು ಹಾಕಿ ಬೇಯಿಸಿ ಕಲ್ಲಿನಂತೆ ಒಣಗಿಸಿ ಸಾಂತಾಣಿ ಮಾಡುವುದು, ಹಪ್ಪಳ ಸಂಡಿಗೆಗಳನ್ನು ಚಾಪೆಯ ಮೇಲೆ ಹರಡುವುದು. ಇವುಗಳಲ್ಲಿ ಮೊದಲ ಮೂರೂ ಹೊಟ್ಟೆ ತುಂಬುವ ಪದಾರ್ಥಗಳು, ನಂಚಿಕೊಳ್ಳುವವಲ್ಲ. ಉಪ್ಪಿನ ಸೊಳೆಯನ್ನು ನೀರಿನಲ್ಲಿ ನೆನೆಸಿ ಉಪ್ಪು ತೆಗೆದು ಪಲ್ಯ ಮಾಡುತ್ತಿದ್ದರು, ಅಕ್ಕಿಯೊಂದಿಗೆ ಅರೆದು ರೊಟ್ಟಿಯನ್ನೂ ಮಾಡುತ್ತಿದ್ದರು. ಹೀಗೆ ಅಕ್ಕಿಯ ಖರ್ಚು ಉಳಿಯುತ್ತಿತ್ತು. ಇದರ ಜೊತೆಗೆ ಹಿತ್ತಿಲಿನಲ್ಲಿ ತಾನಾಗಿ ಚಿಗುರುವ ಕೆಸು, ತಗತೆ, ಒಂದೆಲಗಗಳೂ ಬಿದಿರ ಮೆಳೆಯ ಕಳಲೆಯೂ ಸೇರಿದರೆ ಆಟಿ ಕಳೆಯುತ್ತಿತ್ತು. ಕಳಲೆಯನ್ನು ನೀರು ಬದಲಿಸುತ್ತ ನೆನೆಯಿಟ್ಟು ಅದರ ನಂಜನ್ನು ತೆಗೆಯದೆ ಉಣ್ಣುವಂತಿಲ್ಲ. ಆ ತಿಳಿವಳಿಕೆ ಇಲ್ಲದ ಮನೆಗೆ ಕಳಲೆ ಆಹಾರವೇ ಅಲ್ಲ. ಮುಂಬಯಿಯಲ್ಲಿ ಆಟಿಯ ನೆನಪಿಗಾಗಿ ಇಂದು ನಡೆಯುವ ಕೂಟಗಳಲ್ಲಿ ಈ ತಿನಿಸುಗಳು ಬಾಳೆಯ ಎಲೆಯ ಮೇಲೆ ಸಾಲಾಗಿ ಬರುತ್ತವೆ. ಹಸಿವಿನ ತಿಂಗಳು ಔತಣದ ತಿಂಗಳಾದದ್ದು ಸಂತೋಷವೇ ಸರಿ. ಆದರೆ ಅವು ಮೊದಲಿಗೆ ಔತಣಕ್ಕಾಗಿ ಹುಟ್ಟಿದವಲ್ಲ.

ಬಯಲಿನಲ್ಲಿ ನೆಲದಡಿಗೆ, ಕರಾವಳಿಯಲ್ಲಿ ಅಟ್ಟಕ್ಕೆ: ಎರಡೂ ಕಡೆಯ ಗೃಹಿಣಿ ತನ್ನ ಊರಿನ ಶತ್ರು ಯಾವುದೆಂಬುದನ್ನು ಮೊದಲು ಅರಿತು, ಅದಕ್ಕೆ ಎದುರಾದ ದಿಕ್ಕಿಗೆ ಧಾನ್ಯವನ್ನು ಸಾಗಿಸಿದಳು. ಗೃಹಸಂಗ್ರಹವೆಂದರೆ ಸಾಮಾನಿನ ರಾಶಿಯಲ್ಲ, ಸ್ಥಳಜ್ಞಾನ. ವಲಸೆ ಬಂದವನು ತಿನಿಸನ್ನು ತರಬಲ್ಲ, ಭರಣಿಯನ್ನು ತರಬಲ್ಲ, ಸ್ಥಳವನ್ನು ತರಲಾರ. ನಗರದ ಕನ್ನಡ ಮನೆಗಳಲ್ಲಿ ಉಪ್ಪಿನಕಾಯಿ, ಹಪ್ಪಳಗಳು ಉಳಿದು ಧಾನ್ಯದ ಸಂಗ್ರಹ ಅಳಿದುಹೋದದ್ದಕ್ಕೆ ಸೋಮಾರಿತನವೇ ಕಾರಣವೆಂದು ಹಳಿಯುವುದು ಸುಲಭ. ಆದರೆ ಅದು ಸರಿಯಲ್ಲ.

ಉತ್ತರ ಕರ್ನಾಟಕದ ಕಟಕರೊಟ್ಟಿಯ ವಿಷಯವನ್ನು ಇಲ್ಲಿಯೇ ಹೇಳಬಹುದು. ತೆಳ್ಳಗೆ ತಟ್ಟಿ, ಬೇಯಿಸಿ, ತೇವವೆಲ್ಲ ಆರುವಂತೆ ಒಣಗಿಸಿದ ಜೋಳದ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಅದರೊಂದಿಗೆ ಶೇಂಗಾ, ಗುರೆಳ್ಳು, ಅಗಸಿಗಳ ಚಟ್ನಿಪುಡಿ ಇದ್ದರೆ ಒಲೆ ಹಚ್ಚದೆ ಪೂರ್ಣ ಊಟ: ಪಿಷ್ಟವೂ ಆಯಿತು, ಎಣ್ಣೆಯೂ ಸಸಾರಜನಕವೂ ಆಯಿತು. 2019ರ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳು ನೀರಿನಲ್ಲಿ ನಿಂತಾಗ, ನೀರು ಬಾರದ ಊರುಗಳ ಹೆಂಗಸರು ಕೂಡಿ ತಟ್ಟಿ ಕಳುಹಿಸಿದ್ದು ಇದನ್ನೇ. ಮೈಸೂರಿನಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯವೂ, 1961ರಲ್ಲಿ ಸೈನಿಕರ ಆಹಾರಕ್ಕಾಗಿ ರಕ್ಷಣಾ ಪ್ರಯೋಗಾಲಯವೂ ಸ್ಥಾಪಿತವಾಗಿ, ಕೆಡದ ಸಿದ್ಧಾಹಾರದ ಕುರಿತು ಅಮೂಲ್ಯ ಕೆಲಸ ನಡೆಯಿತು. ನೀರಿನಂಶವನ್ನು ತೆಗೆದುಬಿಟ್ಟರೆ ಬೂಷ್ಟು ಬೆಳೆಯದೆಂಬ ಮೂಲತತ್ತ್ವ ಮಾತ್ರ ರೊಟ್ಟಿ ತಟ್ಟುವವಳಿಗೆ ಮೊದಲೇ ತಿಳಿದಿತ್ತು.

ಇಷ್ಟು ಹೇಳಿದ ಮೇಲೆ ಈ ಏರ್ಪಾಡು ಸೋತ ಕಥೆಯನ್ನೂ ಹೇಳಲೇಬೇಕು. 1876–78ರ ಬರವನ್ನು ಹಳೆಯ ಮೈಸೂರಿನ ಜನ ಧಾತು, ಈಶ್ವರ ಸಂವತ್ಸರಗಳ ಹೆಸರಿನಿಂದ ತಲೆಮಾರುಗಳವರೆಗೆ ನೆನೆದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೆ ಮಿಕ್ಕಿ ಜನರಿದ್ದರು. 1881ರಲ್ಲಿ 42 ಲಕ್ಷವೂ ತುಂಬಲಿಲ್ಲ. ಇದು ಹಗೇವುಗಳ ನಾಡಿನಲ್ಲಿಯೇ ನಡೆಯಿತು, ರಾಗಿಯ ನಾಡಿನಲ್ಲಿಯೇ ನಡೆಯಿತು. ಹಗೇವು ಹಾಗಾದರೆ ಏನು ಮಾಡಿತು? ಹಗೇವು ಇದ್ದವನನ್ನು ಕಾಪಾಡಿತು. ಹೊಲವಿದ್ದವನಿಗೆ ಹಗೇವು, ಕೂಲಿಯವನಿಗೂ ಮಗ್ಗದವನಿಗೂ ಅಂದಿನ ಕೂಲಿಯೇ ಅಂದಿನ ರಾಗಿ. ಮಳೆ ತಪ್ಪಿದೊಡನೆ ಕೂಲಿ ನಿಂತಿತು, ಬೆಲೆ ಏರಿತು. ಅವರ ಪಾಲಿಗೆ ಊರಿನ ನೆಲದಡಿಯಲ್ಲಿ ಎಷ್ಟು ಕಾಳಿದ್ದರೇನು? ಒಳ್ಳೆಯ ಕಾಲದಲ್ಲಿ ಹಗೇವಿನಿಂದ ಕಾಳನ್ನು ಕಡ ಕೊಟ್ಟು ಸುಗ್ಗಿಯಲ್ಲಿ ಬಡ್ಡಿ ಸೇರಿಸಿ ಅಳೆದುಕೊಳ್ಳುವುದು ಇತ್ತು. ಸುಗ್ಗಿಯೇ ಇಲ್ಲವೆಂದಾದ ಮೇಲೆ ಕಡ ಕೊಡುವವರು ಯಾರು? ಸಾವಿನ ಹೆಚ್ಚಿನ ಪಾಲು ಬಿದ್ದದ್ದು ಇಂಥವರ ಮೇಲೆ. ಪ್ರಾಚೀನ ಸ್ವಾವಲಂಬನೆಯನ್ನು ಕೊಂಡಾಡುವ ಬರಹಗಳಲ್ಲಿ ಈ ಸಂಗತಿ ಕಾಣುವುದು ವಿರಳ. 2020ರ ಬೇಸಗೆಯಲ್ಲಿ ಮುಂಬಯಿಯಿಂದಲೂ ಹೈದರಾಬಾದಿನಿಂದಲೂ ಕಾಲ್ನಡಿಗೆಯಲ್ಲಿ ಊರಿಗೆ ಹೊರಟ ಕಟ್ಟಡದ ಕೂಲಿಗಳಿಗೆ ಸಂಗ್ರಹದ ಉಪದೇಶ ಮಾಡುವುದು ಎಷ್ಟು ಅರ್ಥಹೀನವೋ, ಧಾತು ಸಂವತ್ಸರದ ಕೂಲಿಗೆ ಹಗೇವಿನ ಮಹಿಮೆಯನ್ನು ಹೇಳುವುದೂ ಅಷ್ಟೇ ಅರ್ಥಹೀನ.

ಧಾನ್ಯವನ್ನು ಸರ್ಕಾರವೇ ಶೇಖರಿಸಿ ಎಲ್ಲರಿಗೂ ಅಳೆಯಬೇಕೆಂಬ ವಿಚಾರಕ್ಕೆ ಬಲ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿ ನಿಂತುಹೋಯಿತು. 1943ರ ಮೇ ತಿಂಗಳಲ್ಲಿ ಮುಂಬಯಿ ನಗರದಲ್ಲಿ ಪಡಿತರ ಪದ್ಧತಿ ಆರಂಭವಾಯಿತು; ಅದೇ ವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿದು ಸತ್ತರು. ಅಂದಿನಿಂದ ನಗರದ ಮನೆಯಲ್ಲಿ ಹಗೇವಿನ ಸ್ಥಾನಕ್ಕೆ ರೇಷನ್ ಕಾರ್ಡು ಬಂದಿತು. ಹೆಚ್ಚು ಧಾನ್ಯವನ್ನು ಕೂಡಿಡುವುದು ಗೃಹಕೃತ್ಯದ ಜಾಣ್ಮೆಯಾಗಿದ್ದದ್ದು ಅಕ್ರಮ ದಾಸ್ತಾನೆಂಬ ಸಂಶಯಕ್ಕೆ ಗುರಿಯಾಯಿತು. ವ್ಯಾಪಾರಿಯ ಉಗ್ರಾಣಕ್ಕೂ ಗೃಹಸ್ಥನ ಡಬ್ಬಕ್ಕೂ ಅಂತರ ಅಪಾರ. ಆದರೂ ಕೊರತೆಯ ಸುದ್ದಿ ಹಬ್ಬಿದ ದಿನ ಅಂಗಡಿಗೆ ಓಡಿ ಹತ್ತು ಕಿಲೋ ಹೆಚ್ಚಾಗಿ ತರುವ ಗೃಹಸ್ಥ ಬಡವನ ಪಾಲನ್ನೇ ಕಿತ್ತುಕೊಳ್ಳುತ್ತಾನೆಂಬುದು ಸುಳ್ಳಲ್ಲ. ಸಂಗ್ರಹ ಮಾಡತಕ್ಕದ್ದು ಸುಗ್ಗಿಯಲ್ಲಿ, ಪೇಟೆ ತುಂಬಿದ್ದಾಗ, ಗಾಬರಿಯಲ್ಲಲ್ಲ. ಮುಂಬಯಿ, ಪುಣೆಗಳ ಮರಾಠಿ ಮತ್ತು ಗುಜರಾತಿ ಮನೆಗಳಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ವರ್ಷದ ಗೋಧಿ ಕೊಂಡು, ಬಿಸಿಲಿಗೆ ಹಾಕಿ, ಹರಳೆಣ್ಣೆ ಸವರಿ ತುಂಬಿಡುವ ರೂಢಿಯನ್ನು ಕನ್ನಡಿಗರು ನೆರೆಯಲ್ಲಿಯೇ ಕಂಡಿದ್ದಾರೆ. ಕಾಳಿನ ಮೇಲಿನ ತೆಳು ಎಣ್ಣೆ ಹುಳುವಿನ ಮೊಟ್ಟೆ ಅಂಟದಂತೆ, ಅಂಟಿದರೂ ಉಸಿರು ಕಟ್ಟುವಂತೆ ಮಾಡುತ್ತದೆ. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವ ನಮ್ಮ ಕಡೆಯ ಪದ್ಧತಿಯದೂ ಇಂಥದೇ ಕೆಲಸ.

ಇನ್ನು ನಗರದ ಮನೆಯ ಲೆಕ್ಕ. ಒಬ್ಬರಿಗೆ ದಿನಕ್ಕೆ 350 ಗ್ರಾಂ ಧಾನ್ಯ, 75 ಗ್ರಾಂ ಬೇಳೆಕಾಳು ಎಂದಿಟ್ಟುಕೊಂಡರೆ ನಾಲ್ವರ ಕುಟುಂಬಕ್ಕೆ ಮೂವತ್ತು ದಿನಕ್ಕೆ 42 ಕಿಲೋ ಧಾನ್ಯ, 9 ಕಿಲೋ ಬೇಳೆ ಬೇಕು. ಕೇಳಿದಾಗ ಇದು ದೊಡ್ಡದಾಗಿ ತೋರುತ್ತದೆ. ಆದರೆ 15 ಕಿಲೋ ಎಣ್ಣೆ ಹಿಡಿಯುವ ತಗಡಿನ ಡಬ್ಬಗಳು ಮೂರಿದ್ದರೆ ಧಾನ್ಯವೆಲ್ಲ ಅಡಗುತ್ತದೆ. ಇನ್ನೊಂದು ಡಬ್ಬದಲ್ಲಿ ಬೇಳೆ. ಮಂಚದ ಕೆಳಗಿನ ಜಾಗ ಸಾಕು. ಆದರೆ ಮಂಚದ ಕೆಳಗೆ ಇಡಬಹುದೇ ಎಂಬುದೇ ಸ್ಥಳಜ್ಞಾನದ ಪ್ರಶ್ನೆ. 2005ರಲ್ಲಿ ಮುಂಬಯಿಯ, 2015ರಲ್ಲಿ ಚೆನ್ನೈಯ ನೆಲಮಾಳಿಗೆಯ ಮನೆಗಳಲ್ಲಿ ಮೊದಲು ಮುಳುಗಿದ್ದು ಇಂಥ ಡಬ್ಬಗಳೇ. ಅಲ್ಲಿ ಕರಾವಳಿಯ ಅಟ್ಟವೇ ಸರಿ. ತಲೆಯ ಮೇಲಿನ ಎತ್ತರದಲ್ಲಿ ಗಟ್ಟಿಯಾದ ಹಲಗೆ ಹಾಕಿಸಬೇಕು. ಮೇಲಂತಸ್ತಿನವರಿಗೆ ನೆರೆಯ ಭಯವಿಲ್ಲ, ಆದರೆ ವಿದ್ಯುತ್ ನಿಂತರೆ ಪಂಪು ನಿಲ್ಲುತ್ತದೆ, ಲಿಫ್ಟು ನಿಲ್ಲುತ್ತದೆ. ಅವರಿಗೆ ಧಾನ್ಯಕ್ಕಿಂತ ಮುಂಚೆ ನೀರು. ದಿಲ್ಲಿಯ ಒಣಹವೆಯಲ್ಲಿ ಸುಖವಾಗಿರುವ ಗೋಧಿ ಮುಂಬಯಿಯ ಜುಲೈಯಲ್ಲಿ ಮುಗ್ಗುತ್ತದೆ. ಆದುದರಿಂದ ಮುಂಬಯಿಯವರು ಮಳೆಗಾಲಕ್ಕೆ ಮೊದಲೇ ಒಣಗಿಸಿ, ಡಬ್ಬವನ್ನು ಕಂಠದವರೆಗೆ ತುಂಬಿ, ಮುಚ್ಚಳದ ಸಂದಿಗೆ ಬಟ್ಟೆಯನ್ನೋ ಮೇಣವನ್ನೋ ಒತ್ತಿ, ಆಗಸ್ಟ್ ಕಳೆಯುವವರೆಗೆ ಆ ಡಬ್ಬವನ್ನು ತೆರೆಯದಿರುವುದು ಒಳ್ಳೆಯದು. ತುಂಬಿದ ಡಬ್ಬದಲ್ಲಿ ಗಾಳಿ ಕಡಿಮೆ; ಅರ್ಧ ತುಂಬಿದ ಡಬ್ಬ ಹುಳುವಿಗೆ ಅರಮನೆ. ಧಾನ್ಯಕ್ಕೆ ಹಾಕುವ ವಿಷಾನಿಲದ ಗುಳಿಗೆಗಳು ಗೋದಾಮಿಗೆ ಮಾತ್ರ. ಮನುಷ್ಯರು ಮಲಗುವ ಮನೆಯೊಳಗೆ ಅವು ಬರಲೇಕೂಡದು.

ಏನನ್ನು ಇಡಬೇಕು? ಹಿಟ್ಟಲ್ಲ, ಕಾಳು. ಕಾಳನ್ನು ಒಡೆದೊಡನೆ ಅದರ ಎಣ್ಣೆಯ ಅಂಶ ಗಾಳಿಗೆ ತೆರೆದು ಕಮಟತೊಡಗುತ್ತದೆ. ಸಜ್ಜೆಯ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುವುದನ್ನು ಎಲ್ಲರೂ ಬಲ್ಲರು. ಆದರೆ ಗಿರಣಿ ಮುಚ್ಚಿದರೆ ಇಡೀ ರಾಗಿಯನ್ನು ಏನು ಮಾಡುವುದೆಂಬ ಪ್ರಶ್ನೆ 2020ರಲ್ಲಿ ಕೆಲವು ಮನೆಗಳಲ್ಲಿ ಎದ್ದಿತು. ಬೀಸುವ ಕಲ್ಲು ನಗರಕ್ಕೆ ಬರಲಿಲ್ಲ. ಆದುದರಿಂದ ಸಂಗ್ರಹದಲ್ಲಿ ಅರ್ಧಕ್ಕೆ ಹೆಚ್ಚು ಪಾಲು ಬೀಸದೆ ಬೇಯಿಸಬಹುದಾದದ್ದಿರಬೇಕು: ಕುಚ್ಚಲಕ್ಕಿ, ಗೋಧಿಯ ನುಚ್ಚು, ಹೆಸರು, ಹುರುಳಿ. ಅನಿಲದ ಸಿಲಿಂಡರು ಬರದಿದ್ದರೆ ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಹಿರಿಯರ ಬುತ್ತಿಯೇ ಉತ್ತರ. ನೀರು ಚಿಮುಕಿಸಿದರೆ ಮೆತ್ತಗಾಗುವ ಅವಲಕ್ಕಿ, ಹಾಗೆಯೇ ತಿನ್ನುವ ಕಟಕರೊಟ್ಟಿ, ಹುರಿಗಡಲೆ, ಬೆಲ್ಲ, ಕೊಬ್ಬರಿ, ಅರಳಿಸಿ ಬೀಸಿದ ರಾಗಿಯ ಹುರಿಹಿಟ್ಟು: ಇವು ಒಂದು ವಾರಕ್ಕೆ ಆಗುವಷ್ಟು ಇದ್ದರೆ ಒಲೆಯ ಚಿಂತೆ ಇಲ್ಲ. ಹುರಿಹಿಟ್ಟಿಗೆ ನೀರು, ಬೆಲ್ಲ ಸಾಕು. ಮುದುಕರಿಗೂ ಮಕ್ಕಳಿಗೂ ಸಲ್ಲುತ್ತದೆ.

ಕೂಡಿಟ್ಟದ್ದನ್ನು ಉಣ್ಣದೆ ಆಪತ್ತಿಗೆಂದು ಮೀಸಲಿಟ್ಟ ಮನೆಯಲ್ಲಿ ಆಪತ್ತು ಬರುವ ಹೊತ್ತಿಗೆ ಡಬ್ಬದ ತುಂಬ ಹುಳು. ಹಳೆಯ ಮನೆಗಳಲ್ಲಿ ಹೊಸ ಅಕ್ಕಿ ಬಂದರೂ ಹಳೆಯದನ್ನು ಮುಗಿಸಿಯೇ ಹೊಸದಕ್ಕೆ ಕೈಯಿಡುತ್ತಿದ್ದರು. ಡಬ್ಬಕ್ಕೆ ತುಂಬಿದ ತಿಂಗಳನ್ನು ಸುಣ್ಣದಿಂದಲೋ ಚೀಟಿಯಿಂದಲೋ ಗುರುತು ಹಾಕಿ, ಒಂದು ಬರಿದಾದೊಡನೆ ಅದನ್ನು ತೊಳೆದು ಬಿಸಿಲಿಗಿಟ್ಟು ತುಂಬಿ ಸಾಲಿನ ಕೊನೆಗೆ ಸರಿಸುವುದು ಅಷ್ಟೇನೂ ಕಷ್ಟವಲ್ಲ. ಆದರೆ ಈ ಕೆಲಸವೆಲ್ಲ ಒಬ್ಬಳೇ ಹೆಂಗಸಿನ ತಲೆಯಲ್ಲಿ ಉಳಿದರೆ, ಆಕೆ ಆಸ್ಪತ್ರೆಯಲ್ಲಿರುವ ದಿನವೇ ಮನೆಯಲ್ಲಿ ಯಾವ ಡಬ್ಬದಲ್ಲಿ ಏನಿದೆಯೆಂದು ಯಾರಿಗೂ ತಿಳಿಯದಾಗುತ್ತದೆ. 2020 ಮತ್ತು 2021ರಲ್ಲಿ ಹಲವು ಮನೆಗಳಲ್ಲಿ ನಡೆದದ್ದು ಇದೇ. ಡಬ್ಬದ ಪಟ್ಟಿಯನ್ನು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಬೇಕು. ಅದರಲ್ಲಿ ಮನೆಗೆಲಸಕ್ಕೆ ಬರುವವಳ ಕುಟುಂಬದ ಹದಿನೈದು ದಿನದ ಧಾನ್ಯವನ್ನೂ ಸೇರಿಸಿ ಬರೆಯಬೇಕು. ಆಕೆಯ ಕೋಣೆಯಲ್ಲಿ ಡಬ್ಬ ಇಡಲು ಸ್ಥಳವಿಲ್ಲ. ನಾಲ್ಕು ಜನರಿಗಾದರೆ ಅದು 21 ಕಿಲೋ, ಇನ್ನೂ ಒಂದೂವರೆ ಡಬ್ಬ.